ಚೊಚ್ಚಲ ಹೆರಿಗೆ ತವರಲ್ಲೋ, ಪರದೇಶದಲ್ಲೋ? ಟಿಕೆಟ್‌ಗೂ ಮೊದಲು ತಿಳಿಯಬೇಕಾದ ಕಾನೂನು

ಮಂಡ್ಯ ಸೀಮೆಯಲ್ಲಿ ಚೊಚ್ಚಲ ಹೆರಿಗೆ ಎಂದರೆ ತವರುಮನೆಯ ಹಕ್ಕು. ಮಗಳು ಬಸುರಿ ಎಂಬ ಸುದ್ದಿ ಬಂದ ದಿನವೇ ಯಲಿಯೂರಿನ ತಾಯಿ ಬಾಣಂತನದ ಲೆಕ್ಕ ಹಾಕತೊಡಗುತ್ತಾಳೆ. ಮಗಳನ್ನು ಮದ್ದೂರಿಗೋ ಮಳವಳ್ಳಿಗೋ ಕೊಟ್ಟಿದ್ದರೆ ಇಲ್ಲಿ ಕಾನೂನಿಗೆ ಹೆಚ್ಚು ಕೆಲಸವಿಲ್ಲ. ಆದರೆ ಆಕೆ ಮ್ಯೂನಿಕ್‌ನಲ್ಲಿದ್ದು, ಅಳಿಯ ಜರ್ಮನಿಯವನೇ ಆಗಿದ್ದರೆ? ಹೆರಿಗೆ ಎಲ್ಲಾಗುತ್ತದೆ ಎನ್ನುವುದರ ಮೇಲೆ ಮಗುವಿನ ಪೌರತ್ವದ ದಾರಿ ನಿಂತಿರುತ್ತದೆ. ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಗಂಡ ಹೆಂಡತಿ ಕೂತು ತೀರ್ಮಾನಿಸಬೇಕಾದ ಪ್ರಶ್ನೆ ಒಂದೇ: ಮಗುವಿಗೆ ಯಾವ ದೇಶದ ಪಾಸ್‌ಪೋರ್ಟ್?

ಭಾರತದಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿಲ್ಲ. 2024ರ ಜೂನ್‌ನಿಂದ ಜರ್ಮನಿ ತನ್ನ ಕಾನೂನು ಸಡಿಲಿಸಿ ಇಬ್ಬಗೆಯ ಪೌರತ್ವ ಒಪ್ಪಿಕೊಂಡಿದೆ ನಿಜ, ಆದರೆ ಅದರಿಂದ ನಮ್ಮ ಕಾನೂನು ಬದಲಾಗುವುದಿಲ್ಲ. ಅಲ್ಲಿನ ಗೆಳೆಯರು ‘ಎರಡೂ ಇಟ್ಟುಕೊಳ್ಳಬಹುದಂತೆ’ ಎಂದರೆ ಅದು ಅರ್ಧ ಸತ್ಯ.

ಹೆರಿಗೆ ಪರದೇಶದಲ್ಲೇ ಆಯಿತು ಎನ್ನಿ. 1955ರ ಪೌರತ್ವ ಕಾಯ್ದೆಯ 4ನೇ ಕಲಂ ಪ್ರಕಾರ, ಮಗು ಹುಟ್ಟಿದಾಗ ತಾಯಿ ತಂದೆಯರಲ್ಲಿ ಒಬ್ಬರು ಭಾರತದ ಪ್ರಜೆಯಾಗಿದ್ದರೂ ಮಗು ವಂಶಾನುಗತವಾಗಿ ಭಾರತೀಯ ಪೌರತ್ವ ಪಡೆಯಬಹುದು. 1992ರ ಡಿಸೆಂಬರ್ 10ಕ್ಕೆ ಮುಂಚೆ ಹುಟ್ಟಿದವರಿಗೆ ತಂದೆ ಭಾರತೀಯನಾಗಿದ್ದರಷ್ಟೇ ಈ ಅವಕಾಶವಿತ್ತು; ತಾಯಿಯ ಪೌರತ್ವಕ್ಕೆ ಬೆಲೆಯೇ ಇರಲಿಲ್ಲ. ಈಗ ಆ ತಾರತಮ್ಯ ಹೋಗಿದೆ. ಆದರೆ 2004ರ ಡಿಸೆಂಬರ್ 3ರಿಂದ ಒಂದು ಷರತ್ತು ಸೇರಿದೆ: ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿಯಾಗಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಾಯಿ ತಂದೆ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹಸುಗೂಸಿನ ಆರೈಕೆಯಲ್ಲಿ ವರ್ಷ ಕಳೆಯುವುದೇ ತಿಳಿಯುವುದಿಲ್ಲ, ಎಚ್ಚರ.

ಇಲ್ಲಿ ಗಮನಿಸಿ, ಕಾನೂನು ಕೇಳುವುದು ಬೇರೆ ದೇಶದ ಪಾಸ್‌ಪೋರ್ಟ್ ಇದೆಯೇ ಎಂದು. ಜರ್ಮನ್ ತಂದೆಯ ಮಗುವಿಗೆ ಹುಟ್ಟಿನಿಂದಲೇ ಆ ದೇಶದ ಪೌರತ್ವ ಬಂದಿರಬಹುದು. ಪಾಸ್‌ಪೋರ್ಟ್ ಮಾಡಿಸದಿದ್ದರೆ ಭಾರತದ ನೋಂದಣಿಗೆ ಅದು ಅಡ್ಡಿಯಲ್ಲ. ಅಂಥ ಮಗು ಹದಿನೆಂಟು ತುಂಬಿದ ಆರು ತಿಂಗಳೊಳಗೆ ಆ ಪೌರತ್ವ ಬಿಡದಿದ್ದರೆ ಭಾರತದ್ದು ತಾನಾಗಿ ಹೋಗುತ್ತದೆ. ಇನ್ನು ಹೆರಿಗೆಗೆ ಮುಂಚೆಯೇ ತಾಯಿ ವಿದೇಶಿ ಪೌರತ್ವ ತೆಗೆದುಕೊಂಡಿದ್ದರೆ 4ನೇ ಕಲಂನ ಬಾಗಿಲು ಮುಚ್ಚಿತು. ಉಳಿಯುವುದು ಸಾಗರೋತ್ತರ ಭಾರತೀಯ ಪೌರರ ಕಾರ್ಡು, ಜನ ಒಸಿಐ ಎನ್ನುವುದು ಇದನ್ನೇ.

ಹೆಸರಿನಲ್ಲಿ ‘ಪೌರತ್ವ’ದ ವಾಸನೆ ಇದ್ದರೂ ಒಸಿಐ ಪೌರತ್ವವಲ್ಲ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಜೀವನಪೂರ್ತಿ ವೀಸಾ ಇಲ್ಲದೆ ಬಂದುಹೋಗಬಹುದು, ಎಷ್ಟು ದಿನವಾದರೂ ಇರಬಹುದು. ತಾಯಿ ಭಾರತೀಯಳೇ ಆಗಿದ್ದು ಮಗುವಿಗೆ ವಿದೇಶಿ ಪಾಸ್‌ಪೋರ್ಟ್ ಮಾಡಿಸಿದರೂ ಈ ಕಾರ್ಡು ಸಿಗುತ್ತದೆ. ಅಲ್ಲೇ ನೆಲೆ ನಿಂತ ಕುಟುಂಬಕ್ಕೆ ನನ್ನ ಮಟ್ಟಿಗೆ ಇದೇ ಸಲೀಸಾದ ದಾರಿ. ಅಳಿಯನಿಗೂ ಬೇಕೆಂದರೆ ಮದುವೆ ನೋಂದಣಿಯಾಗಿ ಕನಿಷ್ಠ ಎರಡು ವರ್ಷ ಸಂಸಾರ ನಡೆದಿರಬೇಕು.

ಈಗ ತವರಿನ ಹೆರಿಗೆಗೆ ಬರೋಣ. ಮಗು ಮಂಡ್ಯದ ಆಸ್ಪತ್ರೆಯಲ್ಲಿ ಹುಟ್ಟಿತು. ತಾಯಿ ಭಾರತೀಯಳು, ತಂದೆ ಸರಿಯಾದ ವೀಸಾದ ಮೇಲೆ ಬಂದವನು. ಹಾಗಿದ್ದರೆ 3ನೇ ಕಲಂ ಪ್ರಕಾರ ಮಗು ಹುಟ್ಟಿನಿಂದಲೇ ಭಾರತೀಯ. ತಾಯಿ ತಂದೆ ಇಬ್ಬರೂ ವಿದೇಶಿ ಪ್ರಜೆಗಳಾಗಿದ್ದರೆ, ಒಸಿಐ ಕಾರ್ಡಿದ್ದರೂ ಸರಿ, ಯಲಿಯೂರಿನ ನೆಲದ ಮೇಲೆ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ಜನನವನ್ನು 21 ದಿನದೊಳಗೆ ತಿಳಿಸಬೇಕು; ಆಸ್ಪತ್ರೆಯಲ್ಲಾದ ಹೆರಿಗೆಗೆ ಆ ಹೊಣೆ ಆಸ್ಪತ್ರೆಯದು, ಮನೆಯಲ್ಲಾದರೆ ಮನೆಯ ಯಜಮಾನರದು. 30 ದಿನದವರೆಗೆ ತಡಶುಲ್ಕ ಕಟ್ಟಿದರೆ ಸಾಕು. ಆಮೇಲೆ ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ, ಅದೂ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಜನ್ಮ ದಿನಾಂಕ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಪುರಾವೆ: ಶಾಲೆಗೆ, ಆಧಾರ್‌ಗೆ, ಪಾಸ್‌ಪೋರ್ಟ್‌ಗೆ, ಎಲ್ಲಕ್ಕೂ.

ಅರ್ಜಿ ತುಂಬುವಾಗ ನಮ್ಮ ಕಡೆಯವರು ಎಡವುವುದು ಇನಿಷಿಯಲ್‌ನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ವೈ.ಕೆ.’, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಅಡ್ಡಹೆಸರು, ಮದುವೆಯ ಪ್ರಮಾಣಪತ್ರದಲ್ಲಿ ಗಂಡನ ಮನೆತನದ ಹೆಸರು. ಮಗುವಿನ ಜನನ ದಾಖಲೆಯಲ್ಲಿ ತಾಯಿಯ ಹೆಸರು ಆಕೆಯ ಪಾಸ್‌ಪೋರ್ಟ್‌ನಲ್ಲಿರುವಂತೆಯೇ, ಅಕ್ಷರ ಅಕ್ಷರ ಹೊಂದುವಂತೆ ಇರಲಿ. ಇಲ್ಲಿನ ‘ಕೆ.’ ಏನೆಂದು ವಿದೇಶದ ಅಧಿಕಾರಿಗೆ ವಿವರಿಸುವುದು ಸುಲಭವಲ್ಲ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ ಎಂದು ನೋಂದಣಿ ತಡಮಾಡಬೇಡಿ. ಹೆಸರನ್ನು ಆಮೇಲೆ ಸೇರಿಸಬಹುದು.

ತಿರುಗಿ ಹೋಗುವಾಗ ಇನ್ನೊಂದು ತೊಡಕು. ಮಗುವಿಗೆ ಭಾರತದ ಪಾಸ್‌ಪೋರ್ಟ್ ಮಾಡಿಸಿದರೆ ಅಪ್ಪನ ದೇಶಕ್ಕೆ ಹೋಗಲು ಅಲ್ಲಿನ ನಿಯಮ ನೋಡಬೇಕು. ಅಪ್ಪನ ದೇಶದ ಪಾಸ್‌ಪೋರ್ಟ್ ಇಲ್ಲೇ ಪಡೆದರೆ ಅದರಲ್ಲಿ ಭಾರತದ ವೀಸಾ ಇರುವುದಿಲ್ಲ. ಹೊರಹೋಗಲು ವಿದೇಶಿಯರ ನೋಂದಣಿ ಕಚೇರಿಯಿಂದ, ಅಂದರೆ ಎಫ್‌ಆರ್‌ಆರ್‌ಒದಿಂದ, ನಿರ್ಗಮನ ಪರವಾನಗಿ ಬೇಕು. ಇದಕ್ಕೆಲ್ಲ ವಾರಗಳು ಹಿಡಿಯುವುದರಿಂದ ವಾಪಸ್ ಟಿಕೆಟ್‌ನ ದಿನಾಂಕವನ್ನು ಗಟ್ಟಿಮಾಡಿಕೊಳ್ಳಬೇಡಿ.

ಅಳಿಯ ಮಾವನ ಮನೆಯಲ್ಲಿ ಉಳಿದರೂ ಆತ ವಿದೇಶಿಯನೇ. ಮನೆಯಲ್ಲಿ ವಿದೇಶಿಯರನ್ನು ಇಳಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ‘ಸಿ ಫಾರಂ’ ಎಂದು ಬಹುಕಾಲ ಕರೆದದ್ದು ಇದನ್ನೇ. ‘ನಮ್ಮ ಅಳಿಯಂದಿರಿಗೂ ಫಾರಮ್ಮೇ’ ಎಂದು ಮಾವನವರು ಮುನಿಸಿಕೊಂಡಾರು, ಆದರೂ ತುಂಬಿ.

ಒಂದು ಮಾತನ್ನು ಅಳಿಯನಿಗೆ ಮೊದಲೇ ಹೇಳಿಡಿ. ಆತನ ದೇಶದಲ್ಲಿ ಸ್ಕ್ಯಾನ್ ಮಾಡಿದ ವೈದ್ಯರು ಗಂಡೋ ಹೆಣ್ಣೋ ಎಂದು ಹೇಳುವುದು ಮಾಮೂಲು. ಇಲ್ಲಿ ಹೇಳುವುದೂ, ಅದಕ್ಕಾಗಿ ಪರೀಕ್ಷೆ ಮಾಡಿಸುವುದೂ 1994ರ ಕಾಯ್ದೆಯಡಿ ಜೈಲಿಗೆ ಕಳಿಸುವ ಅಪರಾಧ. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲೇ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾದ ಜಿಲ್ಲೆ ನಮ್ಮದು. ತಿಳಿಯದೆ ಕೇಳಿದ ಪ್ರಶ್ನೆಗೂ ಸ್ಕ್ಯಾನಿಂಗ್ ಕೇಂದ್ರದವರು ಬೆಚ್ಚಿಬೀಳುತ್ತಾರೆ.

ಕೊನೆಗೆ ಅಜ್ಜನ ಗದ್ದೆ. ಮೊಮ್ಮಗು ಹುಟ್ಟಿದ ಖುಷಿಗೆ ನಾಲೆ ಬಯಲಿನ ಹತ್ತು ಗುಂಟೆಯನ್ನು ಅದರ ಹೆಸರಿಗೆ ದಾನಪತ್ರ ಮಾಡಲು ಅಜ್ಜ ಹೊರಟರೆ ತಡೆಯಿರಿ. ಪರದೇಶದಲ್ಲಿ ನೆಲೆಸಿದ ಒಸಿಐ ಕಾರ್ಡುದಾರರಾಗಲಿ, ಅನಿವಾಸಿ ಭಾರತೀಯರಾಗಲಿ ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಉತ್ತರಾಧಿಕಾರದಿಂದ ಬಂದರೆ ಅಡ್ಡಿಯಿಲ್ಲ. ಹಾಗಾಗಿ ಅಜ್ಜ ಮಾಡಬೇಕಾದದ್ದು ದಾನಪತ್ರವಲ್ಲ, ಉಯಿಲು. ಊರೊಳಗಿನ ಮನೆ ಅಥವಾ ನಿವೇಶನ ಕೊಳ್ಳಲು ಈ ತಡೆ ಇಲ್ಲ.

ಇಷ್ಟಕ್ಕೂ ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.