ಹಳೆಯ ಅಮೆರಿಕನ್ ಭಾವಚಿತ್ರವನ್ನು ನೋಡುವುದು ಹೇಗೆ?

ಕ್ಯಾಮೆರಾ ಇಲ್ಲದ ಕಾಲದಲ್ಲಿ ಅಮೆರಿಕದ ಉಳ್ಳವರು ಹಣ ಕೊಟ್ಟು ಭಾವಚಿತ್ರ ಬರೆಸಿಕೊಳ್ಳುತ್ತಿದ್ದರು. ಉಡುಪು, ಭಂಗಿ, ಕೈಯಲ್ಲಿನ ವಸ್ತು ಎಲ್ಲವೂ ಯೋಚಿಸಿ ಆರಿಸಿದ್ದೇ. ಕಲಾವಿದ ಜಾನ್ ಸಿಂಗಲ್ಟನ್ ಕಾಪ್ಲಿ 1768ರಲ್ಲಿ ಬರೆದ, ಬೆಳ್ಳಿ ಕೆಲಸಗಾರ ಪಾಲ್ ರಿವಿಯರ್‌ನ ಚಿತ್ರವನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಳ್ಳಿ. ಮೂಲ ಚಿತ್ರ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ.

ಹಂತ 1: ಬೆಳಕಿನ ದಿಕ್ಕು ಗುರುತಿಸಿ. ಮುಖದ ಯಾವ ಪಕ್ಕ ನೆರಳಲ್ಲಿದೆ ನೋಡಿ. ಇಲ್ಲಿ ಬೆಳಕು ನಮ್ಮ ಎಡಗಡೆಯಿಂದ ಬರುತ್ತದೆ. ಹಿನ್ನೆಲೆ ಕತ್ತಲು, ಹಾಗಾಗಿ ವ್ಯಕ್ತಿ ಎದ್ದು ಕಾಣುತ್ತಾನೆ.

ಹಂತ 2: ಬೆಳಕು ಎಲ್ಲೆಲ್ಲಿ ನಿಂತಿದೆ, ಪಟ್ಟಿ ಮಾಡಿ. ಹಣೆ, ಬಿಳಿ ಅಂಗಿ, ಕೈ, ಬೆಳ್ಳಿಯ ಟೀಪಾಟ್. ಚಿತ್ರವನ್ನು ಹಿಗ್ಗಿಸಿ ನೋಡಿ: ಟೀಪಾಟಿನ ಹೊಳಪಿನಲ್ಲಿ ಅವನ ಬೆರಳುಗಳೇ ಪ್ರತಿಫಲಿಸುತ್ತವೆ. ಯೋಚಿಸುವ ತಲೆ, ದುಡಿಯುವ ಕೈ, ಮಾಡಿದ ವಸ್ತು ಮೂರನ್ನೂ ಬೆಳಕು ಒಂದೇ ಸಾಲಿಗೆ ತಂದಿದೆ.

ಹಂತ 3: ಶೈಲಿಯನ್ನು ಹೋಲಿಸಿ. ರಿವಿಯರ್ ಚಿತ್ರಕ್ಕಿಂತ ಸುಮಾರು ನೂರು ವರ್ಷ ಹಿಂದಿನ, 1670ರ ದಶಕದ ಎಲಿಜಬೆತ್ ಫ್ರೀಕ್ ಮತ್ತು ಮಗು ಮೇರಿಯ ಚಿತ್ರ ನೋಡಿ. ಕಲಾವಿದನ ಹೆಸರು ತಿಳಿದಿಲ್ಲ. ಅಲ್ಲಿ ನೆರಳು ಕಡಿಮೆ, ಆಕೃತಿ ಚಪ್ಪಟೆ. ಆದರೆ ಲೇಸು, ಮುತ್ತಿನ ಸರ, ರಿಬ್ಬನ್ನುಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಬರೆದಿದ್ದಾರೆ. ವ್ಯಾಪಾರಿ ಮನೆತನದ ಸಿರಿ ಅಲ್ಲಿ ಬಟ್ಟೆಯಲ್ಲೇ ಕಾಣುತ್ತದೆ.

ಹಂತ 4: ಉಡುಪು, ವಸ್ತುಗಳಿಂದ ಸ್ಥಾನಮಾನ ತಿಳಿಯಿರಿ. ಮತ್ತೆ ರಿವಿಯರ್ ಚಿತ್ರಕ್ಕೆ ಬನ್ನಿ. ಅವನ ಕಾಲದ ಗಣ್ಯರು ಕೋಟು ತೊಟ್ಟು, ಹೆಚ್ಚಾಗಿ ವಿಗ್ ಧರಿಸಿ ಚಿತ್ರಕ್ಕೆ ಕೂರುತ್ತಿದ್ದರು. ಬೆಳ್ಳಿ ಕೆಲಸಗಾರ ರಿವಿಯರ್‌ಗೆ ಎರಡೂ ಇಲ್ಲ. ಮುಂದಿನ ಮೇಜಿನ ಮೇಲೆ ಕೆತ್ತನೆಯ ಉಪಕರಣಗಳಿವೆ. ಕಸುಬುದಾರನೊಬ್ಬ ಕಸುಬಿನ ಉಡುಪಿನಲ್ಲೇ ಗೌರವದಿಂದ ಕೂತಿದ್ದಾನೆ. ಆ ಕಾಲಕ್ಕೆ ಇದು ಅಪರೂಪ.

ಹಂತ 5: ಇಸವಿಯನ್ನು ಇತಿಹಾಸದ ಜೊತೆ ಇಟ್ಟು ನೋಡಿ. 1767ರಲ್ಲಿ ಬ್ರಿಟನ್ ತನ್ನ ಅಮೆರಿಕನ್ ವಸಾಹತುಗಳಿಗೆ ಬರುವ ಚಹಾದ ಮೇಲೆ ಸುಂಕ ಹಾಕಿತ್ತು. ಮರುವರ್ಷದ ಚಿತ್ರದಲ್ಲಿ ಟೀಪಾಟ್ ಇದೆ. ಅದನ್ನು ಆ ಸುಂಕದ ವಿರುದ್ಧದ ಪ್ರತಿಭಟನೆಯ ಗುರುತೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಅದು ಅವನ ಕಸುಬಿನ ವಸ್ತುವೂ ಹೌದು.

ಈಗ ನೀವೇ ಮಾಡಿ: ಕಾಪ್ಲಿಯ 1773ರ ಮಿಫ್ಲಿನ್ ದಂಪತಿ ಚಿತ್ರ ತೆರೆಯಿರಿ. ಸಿರಿವಂತೆ ಸಾರಾ ಸಣ್ಣ ಮಗ್ಗದಲ್ಲಿ ಅಂಚು ನೇಯುತ್ತಿದ್ದಾಳೆ. ವಸಾಹತುಗಳ ಜನ ಬ್ರಿಟಿಷ್ ಸರಕನ್ನು ಬಹಿಷ್ಕರಿಸುತ್ತಿದ್ದ ಕಾಲದಲ್ಲಿ ಆಕೆ ಅದನ್ನೇ ಏಕೆ ಹಿಡಿದಳು? ಮೊದಲು ಬೆಳಕು, ಆಮೇಲೆ ವಸ್ತು, ಕೊನೆಗೆ ಇಸವಿ: ಈ ಕ್ರಮ ಬಿಡಬೇಡಿ. ಚಿತ್ರದ ಕೆಳಗಿನ ವಿವರಣೆಯನ್ನು ನೀವು ನೋಡಿ ಮುಗಿಸಿದ ಮೇಲಷ್ಟೇ ಓದಿ.