ಗಿನಿಪಿಗ್‌ಗಳ ಅನಪೇಕ್ಷಿತ ಸಂತಾನ: ಮಾಲೀಕರ ಹೊಣೆ ಮತ್ತು ಕಾನೂನಿನ ದಾರಿ

ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳನ್ನೂ ‘ಪ್ರಾಣಿ’ ಎಂದು ಪರಿಗಣಿಸುವ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ದೃಷ್ಟಿಯಲ್ಲಿ, ಪಂಜರದಲ್ಲಿ ಸಾಕುವ ಗಿನಿಪಿಗ್ಗಿಗೂ ಹಟ್ಟಿಯಲ್ಲಿ ಕಟ್ಟುವ ಎತ್ತಿಗೂ ದೊರೆಯುವ ರಕ್ಷಣೆ ಒಂದೇ ಆಗಿದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಸಾಕುಪ್ರಾಣಿಯಾದ ಈ ದಂಶಕ, ಅಂದರೆ ಕೊರೆಯುವ ಹಲ್ಲುಗಳ ಗುಂಪಿಗೆ ಸೇರಿದ ಪ್ರಾಣಿ, ಭಾರತದ ವನ್ಯಜೀವಿಯಲ್ಲವಾದ್ದರಿಂದ ಅದನ್ನು ಸಾಕಲು ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ಆದರೆ ಅನುಮತಿ ಬೇಡವೆಂದ ಮಾತ್ರಕ್ಕೆ ಹೊಣೆಯೂ ಇಲ್ಲವೆಂದಲ್ಲ. ಪ್ರಾಣಿಯನ್ನು ತನ್ನ ಸುಪರ್ದಿನಲ್ಲಿ ಇಟ್ಟುಕೊಂಡ ಪ್ರತಿಯೊಬ್ಬನೂ ಅದರ ಯೋಗಕ್ಷೇಮಕ್ಕೆ ಬೇಕಾದ ಎಲ್ಲ ಸಮಂಜಸ ಕ್ರಮಗಳನ್ನು ಕೈಗೊಳ್ಳಬೇಕೆಂದು ಕಾಯ್ದೆಯ 3ನೇ ಕಲಂ ಕಡ್ಡಾಯಗೊಳಿಸಿದೆ. 2014ರ ಮೇ 7ರಂದು ಎ. ನಾಗರಾಜ ಪ್ರಕರಣದಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, 3 ಮತ್ತು 11ನೇ ಕಲಂಗಳು ವಿಧಿಸುವ ಈ ಕರ್ತವ್ಯಗಳಿಗೆ ಪ್ರತಿಯಾಗಿ ಪ್ರಾಣಿಗಳಿಗೆ ಹಕ್ಕುಗಳು ಲಭಿಸುತ್ತವೆ ಎಂದು ಹೇಳಿ, ಸಂವಿಧಾನದ 51ಎ(ಜಿ) ವಿಧಿಯಲ್ಲಿರುವ ಜೀವದಯೆಯ ಮೂಲಭೂತ ಕರ್ತವ್ಯದ ಜೊತೆಗೆ ಅವನ್ನು ಓದಬೇಕೆಂದಿತು.

ಸಮಸ್ಯೆಯ ಬೇರು ಈ ಪ್ರಾಣಿಯ ಶರೀರಧರ್ಮದಲ್ಲಿಯೇ ಇರುವುದರಿಂದ, ಕಾನೂನಿಗೆ ಹೋಗುವ ಮೊದಲು ಅದನ್ನು ತಿಳಿಯುವುದು ಅಗತ್ಯ. ಗಿನಿಪಿಗ್ಗಿನ ಗರ್ಭಾವಧಿ ಸುಮಾರು 59ರಿಂದ 72 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ, ಆದ್ದರಿಂದ ಗಂಡು ಅದೇ ಪಂಜರದಲ್ಲಿದ್ದರೆ ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಗಬ್ಬವಾಗುತ್ತದೆ. ಮೈತುಂಬ ಕೂದಲಿನೊಂದಿಗೆ, ಕಣ್ಣು ತೆರೆದೇ ಹುಟ್ಟುವ ಮರಿಗಳಲ್ಲಿ ಗಂಡು ಮೂರು ವಾರ ದಾಟುತ್ತಿದ್ದಂತೆ, ಹೆಣ್ಣು ನಾಲ್ಕು ವಾರದ ಹೊತ್ತಿಗೆ ಸಂತಾನಶಕ್ತಿ ಪಡೆಯಬಲ್ಲವು. ತಾಯಿ, ಅಕ್ಕ, ತಂಗಿ ಎಂಬ ಭೇದ ಅವುಗಳಿಗಿಲ್ಲ. ಮಕ್ಕಳ ಆಟಕ್ಕೆಂದು ತಂದ ಒಂದು ಜೋಡಿ ವರ್ಷದೊಳಗೆ ಮನೆ ತುಂಬುವುದಕ್ಕೆ ಮಾಲೀಕರ ಕ್ರೌರ್ಯ ಕಾರಣವಲ್ಲ; ಎರಡೂ ಹೆಣ್ಣೆಂದು ಹೇಳಿ ಅಂಗಡಿಯವರು ಕೊಟ್ಟದ್ದನ್ನು ನಂಬಿದ್ದು, ಅಥವಾ ಗಂಡುಮರಿಗಳನ್ನು ಮೂರನೆಯ ವಾರದಲ್ಲಿ ಬೇರ್ಪಡಿಸಬೇಕೆಂದು ತಿಳಿಯದಿದ್ದುದು ಬಹುಪಾಲು ಕಾರಣ. ಇದಕ್ಕೆ ಮತ್ತೊಂದು ಅಪಾಯವೂ ಸೇರುತ್ತದೆ: ಏಳೆಂಟು ತಿಂಗಳ ವಯಸ್ಸಿನೊಳಗೆ ಒಮ್ಮೆಯೂ ಮರಿ ಹಾಕದ ಹೆಣ್ಣಿನ ಶ್ರೋಣಿಯ ಮೂಳೆಗಳು ಬಿಗಿದುಕೊಳ್ಳುವುದರಿಂದ, ಆಮೇಲಿನ ಮೊದಲ ಹೆರಿಗೆ ಅದರ ಪ್ರಾಣಕ್ಕೇ ಎರವಾಗಬಹುದು.

ಹೆಚ್ಚು ಮರಿಗಳಾದುದೇ ಅಪರಾಧವಲ್ಲ. ಹಾಗೆ ಹೆಚ್ಚಿದ ಮರಿಗಳನ್ನು ಹೇಗೆ ಇಟ್ಟುಕೊಳ್ಳಲಾಗಿದೆ, ಅವುಗಳಿಂದ ಹೇಗೆ ಬಿಡಿಸಿಕೊಳ್ಳಲಾಗಿದೆ ಎಂಬುದರ ಮೇಲೆ ಅಪರಾಧ ನಿರ್ಧಾರವಾಗುತ್ತದೆ. ಓಡಾಡಲು ಎಡೆಯಿಲ್ಲದಷ್ಟು ಇಕ್ಕಟ್ಟಾದ ಪಂಜರದಲ್ಲಿ ಕೂಡಿಹಾಕುವುದು, ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು, ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ತೊರೆದುಬಿಡುವುದು, ಕಿಕ್ಕಿರಿದು ಬಳಲಿದ ಪ್ರಾಣಿಗಳನ್ನು ಮಾರಾಟಕ್ಕಿಡುವುದು ಇವೆಲ್ಲವೂ 11(1)ನೇ ಕಲಮಿನ ಬೇರೆಬೇರೆ ಖಂಡಗಳಲ್ಲಿ ಕ್ರೌರ್ಯವೆನಿಸುತ್ತವೆ. ಬೇಸಿಗೆಯಲ್ಲಿ ಕಾದು ಕೆಂಡವಾಗುವ ಹಿರಿಯೂರು, ಚಿತ್ರದುರ್ಗದ ಸೀಮೆಯಲ್ಲಿ ತಗಡಿನ ಸೂರಿನ ಕೆಳಗೆ ಪಂಜರವಿಟ್ಟರೆ, 30 ಡಿಗ್ರಿ ದಾಟಿದ ಸೆಕೆಯನ್ನು ತಾಳಲಾರದ ಈ ಪ್ರಾಣಿಗೆ ಆಸರೆ ಒದಗಿಸಿದಂತಾಗುವುದಿಲ್ಲ; ಮನುಷ್ಯರಂತೆಯೇ ಸಿ ಜೀವಸತ್ವವನ್ನು ದೇಹದಲ್ಲಿ ತಯಾರಿಸಿಕೊಳ್ಳಲಾರದ ಜೀವಿಗೆ ಸೊಪ್ಪು, ಸೀಬೆಹಣ್ಣು, ದೊಣ್ಣೆಮೆಣಸಿನಕಾಯಿಗಳಿಲ್ಲದೆ ಬರೀ ಅನ್ನ, ಬ್ರೆಡ್ಡು ಹಾಕಿದರೆ ಹೊಟ್ಟೆ ತುಂಬಿದರೂ ಒಸಡು ಮತ್ತು ಕೀಲುಗಳಲ್ಲಿ ರಕ್ತ ಒಸರುವ ಸ್ಕರ್ವಿ ರೋಗ ಬರುತ್ತದೆ. ಮಾಲೀಕನಿಗೆ ಕ್ರೌರ್ಯದ ಉದ್ದೇಶವಿಲ್ಲದಿದ್ದರೂ, ತಕ್ಕ ಎಚ್ಚರಿಕೆ ಮತ್ತು ಮೇಲ್ವಿಚಾರಣೆ ವಹಿಸದೆ ಕ್ರೌರ್ಯಕ್ಕೆ ಎಡೆಗೊಟ್ಟಿದ್ದರೆ 11(2)ನೇ ಕಲಮಿನ ಪ್ರಕಾರ ಅವನೂ ಅಪರಾಧ ಎಸಗಿದಂತೆಯೇ. ಆದರೆ ಎಚ್ಚರಿಕೆ ತಪ್ಪಿದ ಏಕೈಕ ಕಾರಣಕ್ಕೆ ಶಿಕ್ಷೆಗೊಳಗಾದವನಿಗೆ ದಂಡ ಕಟ್ಟುವ ಅವಕಾಶ ಕೊಡದೆ ನೇರವಾಗಿ ಸೆರೆವಾಸ ವಿಧಿಸುವಂತಿಲ್ಲ ಎಂಬ ಉಪಬಂಧವನ್ನೂ ಅದೇ ಕಲಮು ಸೇರಿಸಿದೆ. ತಿಳಿಯದೆ ತಪ್ಪಿದವನನ್ನೂ ಬೇಕೆಂದೇ ಹಿಂಸಿಸುವವನನ್ನೂ ಶಾಸನವೇ ಬೇರೆಬೇರೆಯಾಗಿ ಕಾಣುತ್ತಿರುವಾಗ, ರಕ್ಷಣೆಗೆ ಮುಂದಾಗುವ ನಾಗರಿಕರೂ ಆ ವಿವೇಕವನ್ನು ತೋರಬೇಕಾದುದು ನ್ಯಾಯ.

ಹೆಚ್ಚಾದ ಮರಿಗಳನ್ನು ನೀರಿನಲ್ಲಿ ಮುಳುಗಿಸುವುದು ಅಥವಾ ಜೀವಂತ ಹೂಳುವುದು ಮಾತ್ರ ಬೇರೆಯೇ ದರ್ಜೆಯ ಕೃತ್ಯ. ಅನಗತ್ಯವಾಗಿ ಕ್ರೂರವಾದ ರೀತಿಯಲ್ಲಿ ಕೊಲ್ಲುವುದು 11(1)(ಎಲ್) ಖಂಡಕ್ಕೆ ಸೇರುತ್ತದೆ. 31ನೇ ಕಲಮಿನ ಪ್ರಕಾರ ಅದು ಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯಿಲ್ಲದೆ ಪೊಲೀಸರು ಎಫ್‌ಐಆರ್ ದಾಖಲಿಸಿ ತನಿಖೆ ಕೈಗೊಳ್ಳಬಹುದಾದ ಅಪರಾಧ. ಬೇರೊಬ್ಬರಿಗೆ ಸೇರಿದ ಪ್ರಾಣಿಯನ್ನು ಕೊಂದರೆ ಅಥವಾ ಊನಗೊಳಿಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ.

ಮಾಲೀಕರು ತಾವೇ ಒಪ್ಪಿ ಪ್ರಾಣಿಗಳನ್ನು ಬಿಟ್ಟುಕೊಡುವ ದಾರಿಯೇ ಬಹುತೇಕ ಸಂದರ್ಭಗಳಲ್ಲಿ ಅತ್ಯಂತ ವೇಗದ್ದೂ ಪ್ರಾಣಿಗೆ ಹಿತವಾದದ್ದೂ ಆಗಿರುತ್ತದೆ. ಚರಸ್ವತ್ತಿನ ದಾನವನ್ನು ವಸ್ತುವಿನ ಹಸ್ತಾಂತರದಿಂದಲೇ ಪೂರ್ಣಗೊಳಿಸಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 123ನೇ ಕಲಮು ಹೇಳುವುದರಿಂದ, ಗಿನಿಪಿಗ್‌ಗಳನ್ನು ಬಿಟ್ಟುಕೊಡಲು ನೋಂದಾಯಿತ ಪತ್ರ ಬೇಕಿಲ್ಲ. ಆದರೂ ಮುಂದೆ ತಕರಾರು ಹುಟ್ಟದಿರಲೆಂದು ಬಿಳಿಹಾಳೆಯಲ್ಲಿ ಒಪ್ಪಿಗೆಪತ್ರ ಬರೆಸಿಕೊಳ್ಳುವುದು ಲೇಸು. ಗಂಡೆಷ್ಟು, ಹೆಣ್ಣೆಷ್ಟು, ಗಬ್ಬವಾಗಿರುವ ಶಂಕೆ ಯಾವುದಕ್ಕಿದೆ, ಬಣ್ಣ ಮತ್ತು ಗುರುತು ಏನು, ಸ್ವಇಚ್ಛೆಯಿಂದ ಶಾಶ್ವತವಾಗಿ ಬಿಟ್ಟುಕೊಡುತ್ತಿರುವುದು ನಿಜವೇ ಎಂಬ ವಿವರಗಳೊಂದಿಗೆ ಮಾಲೀಕರ ಮತ್ತು ಇಬ್ಬರು ಸಾಕ್ಷಿಗಳ ಸಹಿ ಅದರಲ್ಲಿದ್ದರೆ ಸಾಕು. ಪ್ರಾಣಿ ಮನೆಯ ಮಗುವಿನದ್ದೆಂದು ಹೇಳಿದರೂ ಸಹಿ ಹಾಕಬೇಕಾದವರು ತಂದೆ ಅಥವಾ ತಾಯಿ. ಎಲ್ಲವನ್ನೂ ಬಿಟ್ಟುಕೊಡಲು ಮನಸ್ಸಿಲ್ಲದವರಿಂದ ಗಂಡುಗಳನ್ನಷ್ಟೇ ಪಡೆದರೂ ಸಂತಾನದ ಸರಪಳಿ ತುಂಡಾಗುತ್ತದೆ. ಆದರೆ ಬೇರ್ಪಡಿಸುವಾಗ ಲಿಂಗಗುರುತಿನಲ್ಲಿ ಎಡವಬಾರದು. ಪ್ರಾಣಿಯ ಎದೆ ಮತ್ತು ಹಿಂಭಾಗಗಳೆರಡಕ್ಕೂ ಕೈಯಾಸರೆ ಕೊಟ್ಟು ಮೆಲ್ಲಗೆ ಎತ್ತಿ ನೋಡಿದಾಗ, ಹೆಣ್ಣಿನಲ್ಲಿ ಕವಲೊಡೆದ ಗೆರೆಯೂ, ಗಂಡಿನಲ್ಲಿ ದುಂಡನೆಯ ಉಬ್ಬೂ, ಅದರ ಮೇಲ್ಭಾಗವನ್ನು ಬೆರಳ ತುದಿಯಿಂದ ಮೃದುವಾಗಿ ಒತ್ತಿದರೆ ಹೊರಬರುವ ಜನನಾಂಗವೂ ಕಾಣುತ್ತವೆ; ಸಂಶಯವಿದ್ದರೆ ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯಾಧಿಕಾರಿಗಳಿಗೆ ತೋರಿಸುವುದು ಕ್ಷೇಮ. ಗಂಡುಗಳ ವೃಷಣ ತೆಗೆಸುವ ಶಸ್ತ್ರಚಿಕಿತ್ಸೆಗೆ ಸಣ್ಣ ಪ್ರಾಣಿಗಳ ಅರಿವಳಿಕೆಯಲ್ಲಿ ಪಳಗಿದವರೇ ಬೇಕಾಗುವುದರಿಂದ, ಸ್ಥಳೀಯವಾಗಿ ಸೌಲಭ್ಯ ಸಿಗದಿದ್ದರೆ ಚಿತ್ರದುರ್ಗಕ್ಕೆ ನೆರೆಯ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಗಂಡಿನಲ್ಲಿ ಸಂತಾನಶಕ್ತಿ ಉಳಿದಿರುವುದನ್ನು ಮರೆತು ಕೂಡಲೇ ಹೆಣ್ಣುಗಳ ಜೊತೆ ಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. ದನಕರುಗಳಿಗೆ ಕೊಡುವ ಪೆನಿಸಿಲಿನ್ ಬಗೆಯ ಔಷಧವನ್ನು ಇವುಗಳ ಬಾಯಿಗೆ ಹಾಕಿದರೆ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಸಾವು ಸಂಭವಿಸಬಹುದೆಂಬ ಎಚ್ಚರಿಕೆಯನ್ನು ಪ್ರಾಣಿಯನ್ನು ಪಡೆಯುವವರಿಗೂ ತಿಳಿಸಬೇಕು.

ಒಪ್ಪದ ಮಾಲೀಕರ ಮನೆಯಿಂದ ಪ್ರಾಣಿಗಳನ್ನು ಎತ್ತಿಕೊಂಡು ಬರುವ ಅಧಿಕಾರ ಯಾವ ನಾಗರಿಕನಿಗೂ, ಯಾವ ಸಂಘಕ್ಕೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಸಾಕುಪ್ರಾಣಿ ಮಾಲೀಕನ ಸ್ವತ್ತೂ ಆಗಿರುವುದರಿಂದ, ಕರುಣೆಯಿಂದಲೇ ಮಾಡಿದರೂ ಅಂಥ ಕೃತ್ಯ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಕಳವಿನ, 329ನೇ ಕಲಮಿನ ಅತಿಕ್ರಮ ಪ್ರವೇಶದ ಆರೋಪಕ್ಕೆ ದಾರಿಯಾಗಬಹುದು. ಆ ಅಧಿಕಾರವನ್ನು ಪ್ರಾಣಿ ಹಿಂಸೆ ತಡೆ ಕಾಯ್ದೆಯ 34ನೇ ಕಲಮು ಕೊಟ್ಟಿರುವುದು ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಗೆ ಅಥವಾ ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ವ್ಯಕ್ತಿಗೆ. ಅಪರಾಧ ನಡೆದಿದೆ ಅಥವಾ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದಾಗ ಅವರು ಪ್ರಾಣಿಯನ್ನು ವಶಪಡಿಸಿಕೊಂಡು ಮ್ಯಾಜಿಸ್ಟ್ರೇಟರ ಅಥವಾ ನಿಗದಿತ ಪಶುವೈದ್ಯಾಧಿಕಾರಿಯ ಪರಿಶೀಲನೆಗೆ ಹಾಜರುಪಡಿಸಬಹುದು.

ದೂರು ಕೊಡುವವರು ತಿಳಿದಿರಬೇಕಾದ ಮುಖ್ಯ ತೊಡಕು ಇದು: ಇಕ್ಕಟ್ಟು, ಹಸಿವು, ತೊರೆದುಬಿಡುವಿಕೆ ಮೊದಲಾದ ಅಪರಾಧಗಳು ಅಸಂಜ್ಞೇಯ ವರ್ಗಕ್ಕೆ ಸೇರುವುದರಿಂದ, ಠಾಣಾಧಿಕಾರಿ ಅವುಗಳಿಗೆ ನೇರವಾಗಿ ಎಫ್‌ಐಆರ್ ದಾಖಲಿಸಲಾರರು. ಆದರೆ ದೂರನ್ನೇ ತಿರಸ್ಕರಿಸಿ ಕಳುಹಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನಂತೆ ಅದರ ಸಾರಾಂಶವನ್ನು ಪುಸ್ತಕದಲ್ಲಿ ನಮೂದಿಸಿ, ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸುವುದು ಅವರ ಕರ್ತವ್ಯ, ಮತ್ತು ಮ್ಯಾಜಿಸ್ಟ್ರೇಟರ ಆದೇಶ ದೊರೆತ ಮೇಲೆ ತನಿಖೆಗೆ ಅಡ್ಡಿಯಿಲ್ಲ. ದೂರುದಾರರು ಅದೇ ಸಂಹಿತೆಯ 223ನೇ ಕಲಮಿನಡಿ ಖಾಸಗಿ ಫಿರ್ಯಾದನ್ನೂ ನೇರವಾಗಿ ಸಲ್ಲಿಸಬಹುದು. ದಿನಾಂಕ ತೋರುವ ಚಿತ್ರಗಳು, ಪಂಜರದ ಉದ್ದ, ಅಗಲ, ಎತ್ತರದ ಅಳತೆ, ಪಶುವೈದ್ಯರ ಲಿಖಿತ ಅಭಿಪ್ರಾಯ ಇವು ಜೊತೆಗಿದ್ದರೆ ದೂರಿಗೆ ಬಲ ಬರುತ್ತದೆ. ಕೊಟ್ಟ ಅರ್ಜಿಗೆ ಸ್ವೀಕೃತಿಯನ್ನೂ, ಕ್ರಮ ಸಾಧ್ಯವಿಲ್ಲವೆಂದರೆ ಲಿಖಿತ ಹಿಂಬರಹವನ್ನೂ ಕೇಳಿ ಪಡೆಯಬೇಕು. ಅಪರಾಧ ನಡೆದ ದಿನದಿಂದ ಮೂರು ತಿಂಗಳು ಕಳೆದರೆ ಪ್ರಾಣಿ ಹಿಂಸೆ ತಡೆ ಕಾಯ್ದೆಯ 36ನೇ ಕಲಮಿನಂತೆ ಮೊಕದ್ದಮೆ ಹೂಡಲು ಬರುವುದಿಲ್ಲ.

ಇಷ್ಟೆಲ್ಲ ಪ್ರಯಾಸದ ಕೊನೆಗೆ ಮೊದಲ ಅಪರಾಧಕ್ಕೆ ವಿಧಿಸಬಹುದಾದ ದಂಡ 10ರಿಂದ 50 ರೂಪಾಯಿ ಮಾತ್ರ, ಮೂರು ವರ್ಷದೊಳಗೆ ಪುನರಾವರ್ತನೆಯಾದರೆ 25ರಿಂದ 100 ರೂಪಾಯಿ ಅಥವಾ ಮೂರು ತಿಂಗಳವರೆಗಿನ ಸೆರೆ ಅಥವಾ ಎರಡೂ ಎಂಬುದು 1960ರ ಕಾಯ್ದೆಯ ಅತಿ ದೊಡ್ಡ ಕೊರತೆ. ಈ ದಂಡ ಸಾಲದೆಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ಸಂಸತ್ತಿನ ಗಮನ ಸೆಳೆದಿದ್ದು, 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಹೀಗಿದ್ದರೂ ಮೊಕದ್ದಮೆಯನ್ನು ನಿರರ್ಥಕವೆಂದು ಕೈಬಿಡಬೇಕಿಲ್ಲ. ದಂಡಕ್ಕಿಂತ ಹೆಚ್ಚಿನ ಬಲವಿರುವುದು 29ನೇ ಕಲಮಿನಲ್ಲಿ. ಮಾಲೀಕನ ಬಳಿಯೇ ಉಳಿದರೆ ಪ್ರಾಣಿ ಮತ್ತೆ ಹಿಂಸೆಗೆ ಒಳಗಾಗುವ ಸಂಭವವಿದೆ ಎಂದು ಕಂಡುಬಂದಲ್ಲಿ, ಅಪರಾಧ ಸಾಬೀತಾದ ಮೇಲೆ ನ್ಯಾಯಾಲಯ ಅವನ ಒಡೆತನವನ್ನೇ ಕಸಿದುಕೊಳ್ಳಬಹುದು. ತೀರ್ಪು ಬರುವವರೆಗಿನ ಪಾಲನೆಯನ್ನು 2017ರ ಪ್ರಕರಣದ ಸ್ವತ್ತಾದ ಪ್ರಾಣಿಗಳ ಆರೈಕೆ ನಿಯಮಗಳು ನಿರ್ದೇಶಿಸುತ್ತವೆ. ಅವುಗಳ ಪ್ರಕಾರ ಪ್ರಾಣಿಗಳನ್ನು ಪ್ರಾಣಿ ದಯಾ ಸಂಘ, ಪ್ರಾಣಿ ಕಲ್ಯಾಣ ಸಂಸ್ಥೆ, ಪಿಂಜರಾಪೋಲ್ ಅಥವಾ ಗೋಶಾಲೆಗೆ ಒಪ್ಪಿಸಿ, ಸಾಗಣೆ, ಚಿಕಿತ್ಸೆ, ಮೇವಿನ ವೆಚ್ಚಕ್ಕೆ ಮಾಲೀಕರಿಂದ ಮುಚ್ಚಳಿಕೆ ಬರೆಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅವಕಾಶವಿದೆ. ಗೋಶಾಲೆಯ ದನಗಳ ನಡುವೆ ಒಂದು ಕಿಲೋ ಆಸುಪಾಸು ತೂಗುವ ಜೀವಿಗಳನ್ನು ಬಿಡುವುದು ಅವುಗಳಿಗೆ ಆಪತ್ತೇ ಆದ್ದರಿಂದ, ಸೂಕ್ತ ಸ್ಥಳವನ್ನು ಮೊದಲೇ ಗುರುತಿಸಿ ಅರ್ಜಿಯಲ್ಲಿ ಸೂಚಿಸುವುದು ಒಳಿತು.

ಪ್ರತಿ ಜಿಲ್ಲೆಯಲ್ಲಿಯೂ ಪ್ರಾಣಿ ದಯಾ ಸಂಘವಿರಬೇಕೆಂದು 2001ರ ನಿಯಮಗಳು ಹೇಳುವುದರಿಂದ, ಚಿತ್ರದುರ್ಗ ಜಿಲ್ಲೆಯವರಾದರೆ ಅಲ್ಲಿನ ಜಿಲ್ಲಾಡಳಿತಕ್ಕೂ ಪಶುಪಾಲನಾ ಇಲಾಖೆಯ ಉಪನಿರ್ದೇಶಕರ ಕಚೇರಿಗೂ ದೂರಿನ ಪ್ರತಿ ಕೊಡುವುದು ಸರಿಯಾದ ಕ್ರಮ; ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಇಲಾಖೆಯ ತಾಲ್ಲೂಕು ಸಹಾಯಕ ನಿರ್ದೇಶಕರನ್ನು ಕಾಣಬಹುದು, ಮತ್ತು ತುರ್ತು ಚಿಕಿತ್ಸೆಗೆ ಇಲಾಖೆಯ ಸಹಾಯವಾಣಿ 1962 ಇದೆ.

ಮರಿಗಳು ಹೊರಬರುವ ಮೂಲದ ಕಡೆಗೂ ಕಾನೂನು ಕಣ್ಣಿಟ್ಟಿದೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಗಿನಿಪಿಗ್ಗನ್ನು ಹೆಸರಿಸಿಯೇ ಸಾಕುಪ್ರಾಣಿಗಳ ಪಟ್ಟಿಗೆ ಸೇರಿಸಿದ್ದು, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗದ ಅಂಗಡಿ ಅದನ್ನು ಮಾರುವಂತಿಲ್ಲ. ವಾರದ ಸಂತೆಯ ಮಳಿಗೆಯೂ ಆನ್‌ಲೈನ್ ಮಾರಾಟವೂ ಈ ವ್ಯಾಖ್ಯೆಯೊಳಗೇ ಬರುತ್ತವೆ. ಮನೆಯಲ್ಲಿ ಹೆಚ್ಚಿದ ಮರಿಗಳನ್ನು ಮೊಬೈಲಿನಲ್ಲಿ ಜಾಹೀರಾತು ಹಾಕಿ ಪದೇಪದೇ ಮಾರುವವರು ತಮಗೆ ಈ ನಿಯಮ ತಗಲುವುದಿಲ್ಲವೆಂದು ಭಾವಿಸಕೂಡದು. ಪ್ರಯೋಗಾಲಯಕ್ಕೆ ಕೊಟ್ಟರೆ ಪ್ರಾಣಿಗಳಿಗೆ ನೆಲೆ ಸಿಗುತ್ತದೆಂಬ ಎಣಿಕೆಯೂ ತಪ್ಪು: ಪ್ರಾಣಿ ಪ್ರಯೋಗ ಕುರಿತ 1998ರ ನಿಯಮಗಳು ನೋಂದಾಯಿತ ಸಂವರ್ಧಕರಿಂದ ಪ್ರಾಣಿಗಳನ್ನು ಪಡೆಯುವ ವ್ಯವಸ್ಥೆಯನ್ನು ರೂಪಿಸಿರುವುದರಿಂದ, ಮನೆಯ ಮರಿಗಳನ್ನು ಕಾಲೇಜಿಗೆ ಒಪ್ಪಿಸುವುದು ಸಮ್ಮತವಲ್ಲ. ಜೋಗಿಮಟ್ಟಿಯ ಕಾಡಂಚಿನಲ್ಲೋ ಮಾರಿಕಣಿವೆಯ ಹಿನ್ನೀರಿನ ಬಯಲಿನಲ್ಲೋ ಬಿಟ್ಟುಬರುವುದನ್ನು ಕೆಲವರು ಬಿಡುಗಡೆ ಎಂದುಕೊಳ್ಳುವುದುಂಟು. ಹದ್ದು, ನಾಯಿ, ಹಾವುಗಳಿಂದ ತಪ್ಪಿಸಿಕೊಳ್ಳುವ ಚಾಕಚಕ್ಯವನ್ನು ಸಾಕಣೆಯಲ್ಲಿ ಎಂದೋ ಕಳೆದುಕೊಂಡ ಪ್ರಾಣಿಗೆ ಅದು ಸಾವಿನ ಆದೇಶ, ಬಿಟ್ಟವರಿಗೆ 1960ರ ಕಾಯ್ದೆಯ 11(1)(ಐ) ಖಂಡದ ಅಪರಾಧ.

ರಕ್ಷಿಸಿದ ಪ್ರಾಣಿಗಳನ್ನು ಬೇರೆ ಮನೆಗೆ ಕೊಡುವಾಗ ಸಂತಾನ ಬೆಳೆಸುವುದಿಲ್ಲ, ಮಾರುವುದಿಲ್ಲ, ಸಾಕಲಾಗದಿದ್ದರೆ ಕೊಟ್ಟವರಿಗೇ ಮರಳಿಸುತ್ತೇವೆ ಎಂಬ ಷರತ್ತುಗಳುಳ್ಳ ದತ್ತು ಕರಾರು ಮಾಡಿಕೊಳ್ಳಬೇಕು. ಗುಂಪಿನಲ್ಲಿ ಬಾಳುವ ಈ ಪ್ರಾಣಿಯನ್ನು ಒಂಟಿಯಾಗಿ ಸಾಕಬಾರದೆಂದು ಸ್ವಿಟ್ಜರ್ಲೆಂಡಿನ ಶಾಸನವೇ ವಿಧಿಸಿದೆ. ಭಾರತದಲ್ಲಿ ಅಂಥ ನಿಯಮವಿಲ್ಲದಿದ್ದರೂ ಒಂದೇ ಲಿಂಗದ ಎರಡನ್ನು ಜೊತೆಯಾಗಿ ಕೊಡುವುದು ಉಚಿತ. ಹಸ್ತಾಂತರದ ದಿನದಿಂದ ಹನ್ನೊಂದು ವಾರ ಕಳೆಯುವವರೆಗೆ ಹೆಣ್ಣುಗಳನ್ನು ದತ್ತು ಕೊಡದೆ ನೋಡಿಕೊಂಡರೆ, ಮೊದಲೇ ಗಬ್ಬವಾಗಿದ್ದವು ಅಷ್ಟರೊಳಗೆ ಮರಿ ಹಾಕಿರುತ್ತವೆ.

ವಕೀಲರ ಶುಲ್ಕ ಭರಿಸಲಾರದ ದೂರುದಾರರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಯೊಳಗಿನ ವರಮಾನದವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಮೇರೆಗೆ ಉಚಿತ ನೆರವಿಗೆ ಅರ್ಹರು. ಚಿತ್ರದುರ್ಗದ ಜಿಲ್ಲಾ ಪ್ರಾಧಿಕಾರವನ್ನು, ಉಳಿದೆಡೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಅಂಗಡಿಯೊಂದು ನೋಂದಣಿಯಾಗಿದೆಯೇ, ಜಿಲ್ಲಾ ಪ್ರಾಣಿ ದಯಾ ಸಂಘ ಎಂದು ಸಭೆ ಸೇರಿತ್ತು, ಕೊಟ್ಟ ದೂರಿನ ಮೇಲೆ ಏನು ಕ್ರಮವಾಯಿತು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕದ ಅರ್ಜಿಯಿಂದ ಕೇಳಬಹುದು. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ ಈ ಮೂರು ಪ್ರಶ್ನೆಗಳಿಗೆ ಮೂರು ಅರ್ಜಿಗಳನ್ನು ಬೇರೆಬೇರೆಯಾಗಿ ಸಲ್ಲಿಸಬೇಕು. ಉತ್ತರಕ್ಕೆ ಇಲಾಖೆಗೆ 30 ದಿನಗಳ ಅವಕಾಶವಿರುವುದರಿಂದ, ಮೊಕದ್ದಮೆಯ ಮೂರು ತಿಂಗಳ ಗಡುವು ಮೀರದಂತೆ ಅರ್ಜಿಯನ್ನೂ ದೂರನ್ನೂ ಒಂದೇ ವಾರದಲ್ಲಿ ಸಲ್ಲಿಸುವುದು ಕ್ಷೇಮ.