ಬಿರುಬೇಸಗೆಯ ಸೀಮೆಯಲ್ಲಿ ಸೀತಾಳೆ

ಸೀತಾಳೆ ಅಥವಾ ಆರ್ಕಿಡ್ ಎಂದೊಡನೆ ನಮ್ಮ ಕಣ್ಣ ಮುಂದೆ ಕೊಡಗಿನ ಮಳೆಕಾಡು, ಹಾವಸೆ ಹಿಡಿದ ಕೊಂಬೆ, ಮುಂಜಾವಿನ ಮಂಜು ಇವೇ ಬಂದು ನಿಲ್ಲುತ್ತವೆ. ವರ್ಷಕ್ಕೆ ಸುಮಾರು 55-60 ಸೆಂಟಿಮೀಟರು ಮಳೆ ಬೀಳುವ, ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಈ ಗಿಡವನ್ನು ಬಯಲಿನಲ್ಲಿ ಬೆಳೆಸುವ ಮಾತೆತ್ತಿದರೆ ನಗುವವರೇ ಹೆಚ್ಚು. ಆದರೆ ಈ ದೊಡ್ಡ ಕುಟುಂಬದಲ್ಲಿ ಬಿಸಿಲನ್ನು ಬಲ್ಲ ಗಿಡಗಳೂ ಉಂಟು. ಬಯಲುಸೀಮೆಯ ಮರಗಳನ್ನು ತಬ್ಬಿ ಬೆಳೆಯುವ ವ್ಯಾಂಡ ಟೆಸೆಲೇಟ ಅಂಥದೊಂದು. ಅದರ ದಳಗಳ ಮೇಲೆ ಕಂದುಬಣ್ಣದ ಚೌಕಳಿ; ಇಳಕಲ್ಲಿನ ನೇಕಾರರಿಗೆ ಅದು ಪರಕೀಯವೆನಿಸಲಾರದು.

ವ್ಯಾಂಡ ಎಂಬ ಹೆಸರು ಸಂಸ್ಕೃತದ ‘ವಂದಾ’ ಶಬ್ದದಿಂದ ಬಂದುದು. ರಾಬರ್ಟ್ ಬ್ರೌನನು 1820ರಲ್ಲಿ ಅದನ್ನು ಶಾಸ್ತ್ರನಾಮವಾಗಿ ಪ್ರಕಟಿಸಿದನು. ಬದನಿಕೆಯಂತೆ ಇದು ಮರದ ರಸವನ್ನು ಹೀರುವುದಿಲ್ಲ. ಮರವು ಇದಕ್ಕೆ ಆಸರೆ ಮಾತ್ರ. ಇದರ ಬೇರು ಗಾಳಿಯಲ್ಲಿ ಜೋತಾಡುತ್ತದೆ. ಬೇರಿನ ಸುತ್ತ ಸತ್ತ ಜೀವಕೋಶಗಳಿಂದಾದ, ಸ್ಪಂಜಿನಂಥ ಬಿಳಿಯ ಕವಚವಿದೆ. ಇದಕ್ಕೆ ವೆಲಮೆನ್ ಎಂದು ಹೆಸರು. ಹನಿ ಬಿದ್ದೊಡನೆ ಈ ಕವಚವು ನೀರನ್ನು ಹೀರಿ ಪಾರದರ್ಶಕವಾಗುತ್ತದೆ. ಒಳಗಿನ ಹಸುರು ಹೊರಗೆ ಕಾಣುತ್ತದೆ. ಬೇರು ಬೆಳ್ಳಗಿದ್ದರೆ ಗಿಡಕ್ಕೆ ಬಾಯಾರಿಕೆ, ಹಸುರಾದರೆ ತೃಪ್ತಿ. ಇದಕ್ಕಿಂತ ಸುಲಭವಾದ ಅಳತೆಗೋಲು ತೋಟಗಾರನಿಗೆ ಬೇಕಿಲ್ಲ.

ಈ ಗಿಡದ ನಿಜವಾದ ಜಾಣ್ಮೆ ಎಲೆಯಲ್ಲಿದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಜೊತೆಯಲ್ಲಿಯೇ ನೀರನ್ನು ಕಳೆದುಕೊಳ್ಳುತ್ತವೆ. ವ್ಯಾಂಡವಾದರೋ ಹಗಲೆಲ್ಲ ಬಾಗಿಲು ಮುಚ್ಚಿಕೊಂಡಿದ್ದು ರಾತ್ರಿಯ ತಂಪಿನಲ್ಲಿ ಅದನ್ನು ತೆರೆಯುತ್ತದೆ. ಆಗ ಬಂದ ವಾಯುವನ್ನು ಮೇಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಹಿಂದೆ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞನು, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು 1813ರಲ್ಲಿಯೇ ಪತ್ರ ಬರೆದಿದ್ದನು. ಅದೂ ಇದೇ ಕ್ರಿಯೆಯ ಫಲ.

ಈ ಮಿತವ್ಯಯಕ್ಕೆ ಗಿಡವು ತೆರಬೇಕಾದ ಬೆಲೆಯೂ ಇದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಬೇವು, ಮಾವುಗಳ ಎಲೆಗಳು ಬಿಸಿಲಿನಲ್ಲಿ ತಂಪಾಗಿರುವುದು ಬಹುಮಟ್ಟಿಗೆ ಇದರಿಂದಲೇ. ಹಗಲು ಬೆವರದ ವ್ಯಾಂಡದ ದಪ್ಪ ಎಲೆಗೆ ಈ ಉಪಾಯವಿಲ್ಲ. ನೇರ ಬಿಸಿಲು ಬಿದ್ದರೆ ಅದು ಗಾಳಿಗಿಂತಲೂ ಹೆಚ್ಚು ಕಾಯುತ್ತದೆ, ಸುಟ್ಟು ಕಪ್ಪಾಗುತ್ತದೆ. ಬೇಸಗೆಯಲ್ಲಿ ಗಿಡ ಸತ್ತರೆ ನೀರು ಸಾಲದಾಯಿತೆಂದು ನಾವು ಕೊಡಗಟ್ಟಲೆ ಸುರಿಯುತ್ತೇವೆ; ಅದಕ್ಕೆ ಮೊದಲು ಬೇಕಾದುದು ನೆರಳು, ಎರಡನೆಯದು ಆಡುವ ಗಾಳಿ, ನೀರು ಮೂರನೆಯದು.

ಗಾಳಿಯ ಶುಷ್ಕತೆಯನ್ನು ಲೆಕ್ಕ ಹಾಕಿ ನೋಡೋಣ. 40 ಡಿಗ್ರಿಯಲ್ಲಿ ಒಂದು ಘನಮೀಟರು ಗಾಳಿ ಸುಮಾರು 51 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ತೇವಾಂಶ ಶೇಕಡ 20 ಇದ್ದರೆ ಅದರಲ್ಲಿರುವುದು 10 ಗ್ರಾಂ. ಇನ್ನುಳಿದ 41 ಗ್ರಾಮಿಗೆ ಅದು ಹಸಿದಿರುತ್ತದೆ. 25 ಡಿಗ್ರಿಯ, ಶೇಕಡ 80 ತೇವದ ಮಲೆನಾಡಿನ ಗಾಳಿಯ ಹಸಿವು 5 ಗ್ರಾಮಿಗೂ ಕಡಮೆ. ಆದರೆ ಇದೇ ಹಸಿವನ್ನು ನಾವು ದುಡಿಸಿಕೊಳ್ಳಬಹುದು. ಉಷ್ಣಮಾಪಕದ ಬುರುಡೆಗೆ ಒದ್ದೆಬಟ್ಟೆ ಸುತ್ತಿ ನೆರಳಿನಲ್ಲಿ ಗಾಳಿಗೆ ಹಿಡಿಯಿರಿ: ಮೇಲಿನ 40 ಡಿಗ್ರಿಯ ಒಣಗಾಳಿಯಲ್ಲಿ ಅದು ಸುಮಾರು 23 ಡಿಗ್ರಿಗೆ ಇಳಿಯುತ್ತದೆ. ಕರಾವಳಿಯ 34 ಡಿಗ್ರಿಯ, ಶೇಕಡ 70 ತೇವದ ಗಾಳಿಯಲ್ಲಾದರೆ ಇಳಿತ ಐದೇ ಡಿಗ್ರಿ. ಅರವಟ್ಟಿಗೆಯ ಮಡಕೆ ನಮ್ಮ ಸೀಮೆಯಲ್ಲಿ ಅಷ್ಟು ತಣ್ಣಗಿರುವ ಗುಟ್ಟೂ ಇದೇ.

ಆದುದರಿಂದ ಬೇವು ಅಥವಾ ಮಾವಿನ ಮರದ ಪೂರ್ವ ಮಗ್ಗುಲನ್ನು ಆರಿಸಬೇಕು. ಸಿಪ್ಪೆ ಸುಲಿಯುವ ಪೇರಲ, ನೀಲಗಿರಿ ಮರಗಳು ಬೇಡ. ಪಶ್ಚಿಮಕ್ಕೆ ಗೋಣಿತಟ್ಟನ್ನು ಕಟ್ಟಿ ತೋಯಿಸಿ, ಕೆಳಗೆ ಮರಳು ಹಾಸಿ ಒದ್ದೆಯಾಗಿಡಬೇಕು. ಇಳಕಲ್ಲಿನ ಕಲ್ಲುಚಪ್ಪಡಿಯ ಅಂಗಳವಾಗಲಿ ಬಾದಾಮಿಯ ಬಂಡೆಯ ಬುಡವಾಗಲಿ ಸಲ್ಲದು; ಹಗಲು ಕುಡಿದ ಶಾಖವನ್ನು ಕಲ್ಲು ಇರುಳಿನಲ್ಲಿ ಹೊರಬಿಡುತ್ತದೆ, ಗಿಡ ಉಸಿರಾಡುವ ಹೊತ್ತೂ ಅದೇ. ಬೆಳಗ್ಗೆ ಬೇರು ಹಸುರಾಗುವವರೆಗೆ ನೀರು ಕೊಡಿರಿ. ಕಡುಬೇಸಗೆಯಲ್ಲಿ ಸಂಜೆ ಇನ್ನೊಮ್ಮೆ. ಎಲೆಗಳ ಸಂದಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬಿಸಿಲಿನಲ್ಲಿ ಬಿದ್ದ ರಬ್ಬರು ಕೊಳವೆಯ ಮೊದಲ ನೀರು ಬಹಳ ಬಿಸಿಯಾಗಿರುತ್ತದೆಂಬುದನ್ನು ಮರೆಯಬಾರದು. ಪಾತ್ರೆಯಲ್ಲಿ ಬಿಳಿಯ ಕರೆ ಕಟ್ಟುವ ಗಡಸು ನೀರು ಬೇರಿನ ಮೇಲೂ ಲವಣವನ್ನು ಬಿಡುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಅದೇ ಮೇಲು.

ಗಿಡವನ್ನು ಮಾತ್ರ ಕಾಡಿನಿಂದ ಕಿತ್ತು ತರಬಾರದು. ಸೀತಾಳೆಯ ಬೀಜ ಧೂಳಿನಂಥದು, ಅದರಲ್ಲಿ ಆಹಾರದ ದಾಸ್ತಾನಿಲ್ಲ. ತಕ್ಕ ಶಿಲೀಂಧ್ರ ದೊರೆತರೆ ಮಾತ್ರ ಮೊಳೆಯುತ್ತದೆ, ಹೂ ಬಿಡಲು ಹಲವು ವರ್ಷ ಬೇಕು. ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆತ ಅಗಾರಿನ ಮೇಲೆ ಬೀಜವನ್ನು ಮೊಳೆಯಿಸುವುದನ್ನು ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ ಮೇಲೆ, ಸಸಿಗಳನ್ನು ಪ್ರಯೋಗಶಾಲೆಯಲ್ಲಿಯೇ ಬೆಳೆಸುವುದು ಸಾಧ್ಯವಾಗಿದೆ. ಅಂಥ ಸಸಿಯನ್ನು ಕೊಂಡು, ಜೂನ್ ತಿಂಗಳ ಮೊದಲ ಮಳೆಯ ಹೊತ್ತಿಗೆ ಮರಕ್ಕೆ ಕಟ್ಟಬೇಕು. ಹೊಸ ಬೇರಿನ ಹಸುರು ತುದಿಗಳು ಆಗಲೇ ಹೊರಡುವುದು. ಮುಂದಿನ ಮಾರ್ಚಿನ ಒಳಗೆ ಅವು ತೊಗಟೆಯನ್ನು ಬಿಗಿಯಾಗಿ ಹಿಡಿದಿರುತ್ತವೆ.